ಬಾಕಿ ವೇತನದ ವಸೂಲಿ (ಆದವಾನಿ ಸೀಮೆ)

ಕೆಲಸದಿಂದ ತೆಗೆದ ಮೇಲೆ ಹಳೆಯ ಮಾಲೀಕರಿಂದ ಬರಬೇಕಾದ ಸಂಬಳವನ್ನು ಕಾನೂನಿನ ಮೂಲಕ ಪಡೆಯುವ ಕ್ರಮ. ಕರ್ನೂಲು ಜಿಲ್ಲೆಯ ಪಶ್ಚಿಮದಲ್ಲಿ, ಅಂದರೆ ಆದವಾನಿ (ಆದೋನಿ), ಆಲೂರು, ಕೋಸಿಗಿ, ಮಂತ್ರಾಲಯದ ಕಡೆ, ಹತ್ತಿ ಜಿನ್ನಿಂಗ್ ಮಿಲ್ಲುಗಳನ್ನು ಬಿಟ್ಟು ಇದರ ಚರಿತ್ರೆ ಹೇಳಲಾಗದು.

ಬ್ರಿಟಿಷರ ಕಾಲದಲ್ಲಿ ಆದವಾನಿ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಕಾಲದ ಕಾನೂನು ಧಣಿಯ ಪಕ್ಷ. 1859ರ ಕರಾರುಭಂಗ ಕಾಯ್ದೆ ಮೊದಲು ಪ್ರೆಸಿಡೆನ್ಸಿ ನಗರಗಳಿಗೆಂದು ಬಂದರೂ ಬೇರೆಡೆಗೆ ವಿಸ್ತರಿಸಬಹುದಾಗಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಅದರಡಿ ಜೈಲಿಗೂ ಕಳಿಸಬಹುದಿತ್ತು. ಸಂಬಳ ಕೊಡದ ಧಣಿಯ ಮೇಲೆ ಕೂಲಿಯವನಿಗೆ ಉಳಿದದ್ದು ಬಹುಮಟ್ಟಿಗೆ ಸಿವಿಲ್ ದಾವೆ. ಕಾಯ್ದೆ ರದ್ದಾದದ್ದು 1925ರಲ್ಲಿ.

ವಿಟ್ಲಿ ಅಧ್ಯಕ್ಷತೆಯ, ಭಾರತದ ಕಾರ್ಮಿಕರ ಬಗೆಗಿನ ರಾಯಲ್ ಕಮಿಷನ್ನಿನ (1929–31) ಶಿಫಾರಸಿನ ಬೆನ್ನಿಗೆ 1936ರ ವೇತನ ಪಾವತಿ ಕಾಯ್ದೆ ಬಂತು. ಕೆಲಸದಿಂದ ತೆಗೆದರೆ ದುಡಿದ ಸಂಬಳವನ್ನು ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ಕೊಡಬೇಕು. ಕೊಡದಿದ್ದರೆ 15ನೆಯ ಕಲಮಿನ ಪ್ರಾಧಿಕಾರಕ್ಕೆ ಅರ್ಜಿ. ಅಕ್ರಮವಾಗಿ ಹಿಡಿದ ಹಣವನ್ನು ವಾಪಸು ಕೊಡಿಸುವುದಲ್ಲದೆ ಅದರ ಹತ್ತರಷ್ಟರವರೆಗೆ ಪರಿಹಾರ ವಿಧಿಸಬಹುದಿತ್ತು. ಕೇವಲ ತಡವಾದ ಸಂಬಳಕ್ಕಾದರೋ ಪರಿಹಾರದ ಮಿತಿ 10 ರೂಪಾಯಿ, 1964ರ ತಿದ್ದುಪಡಿಯ ಮೇಲೆ 25. ತಡಮಾಡುವವನಿಗೆ ಇದು ಯಾವ ಭಯ? ಅರ್ಜಿಯ ಅವಧಿ ಮೊದಲು ಆರು ತಿಂಗಳಿದ್ದು, ಅದೇ ತಿದ್ದುಪಡಿಯಲ್ಲಿ ಹನ್ನೆರಡಾಯಿತು. ಆದವಾನಿಯ ಮಟ್ಟಿಗೆ ಆ ತಿದ್ದುಪಡಿಯ ಇನ್ನೊಂದು ಮಾತು ಮುಖ್ಯ: ಕಾರ್ಖಾನೆಯನ್ನೇ ಮುಚ್ಚಿ ಕೆಲಸ ಹೋದರೂ ಎರಡು ದಿನದೊಳಗೆ ಲೆಕ್ಕ ತೀರಿಸಬೇಕು. ಏಕೆಂದರೆ ಜಿನ್ನಿಂಗ್ ಮಿಲ್ಲು ನಡೆಯುವುದೇ ಹತ್ತಿ ಬರುವಷ್ಟು ದಿನ. 1934ರ ಕಾರ್ಖಾನೆ ಕಾಯ್ದೆ ಅದನ್ನು ಋತುಮಾನದ ಕಾರ್ಖಾನೆಗಳ ಸಾಲಿಗೇ ಸೇರಿಸಿತ್ತು. ಮುಂಗಡದ ವಿಷಯದಲ್ಲೂ ಕಾಯ್ದೆ ಒಂದು ಗೆರೆ ಎಳೆದಿತ್ತು. ಕೆಲಸಕ್ಕೆ ಸೇರುವ ಮೊದಲೇ ಕೊಟ್ಟ ಮುಂಗಡವನ್ನು ಮೊದಲ ಪೂರ್ಣ ಸಂಬಳದಲ್ಲಿ ಮುರಿದುಕೊಳ್ಳಬಹುದು, ಪ್ರಯಾಣ ಖರ್ಚಿಗೆಂದು ಕೊಟ್ಟದ್ದನ್ನು ಮುರಿಯುವಂತಿಲ್ಲ.

ದುಡಿದು ಬಾಕಿಯಾದ ಸಂಬಳ ಬೇರೆ, ಅನ್ಯಾಯವಾಗಿ ತೆಗೆದದ್ದಕ್ಕೆ ಕೇಳುವ ಹಿಂಬಾಕಿ ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ತುಂಬಿದವನು ಎರಡನ್ನೂ ಕಳೆದುಕೊಂಡಾನು. ವಜಾ ಸರಿಯೋ ತಪ್ಪೋ ಎಂಬುದು ವೇತನ ಪ್ರಾಧಿಕಾರದ ಕೆಲಸವಾಗಿರಲಿಲ್ಲ, ಅದು ಲೇಬರ್ ಕೋರ್ಟಿನದಾಗಿತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಯ 33ಸಿ(2) ಕಲಮಿನಡಿ ಒಬ್ಬಂಟಿ ಕಾರ್ಮಿಕನೂ ತನ್ನ ಹಣ ಲೆಕ್ಕ ಹಾಕಿಸಿಕೊಳ್ಳಬಹುದೆಂದು ಸೆಂಟ್ರಲ್ ಬ್ಯಾಂಕಿನ ಪ್ರಕರಣದಲ್ಲಿ 1963ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಹಕ್ಕು ಮೊದಲೇ ಸ್ಥಿರಪಟ್ಟಿರಬೇಕೆಂದು ಅದೇ ಕೋರ್ಟಿನ ಗಣೇಶ್ ರಜಾಕ್ ತೀರ್ಪು (1994) ಗಟ್ಟಿಮಾಡಿತು. ಹಾಗೆ ಲೆಕ್ಕವಾದ ಹಣವನ್ನು ಕಲೆಕ್ಟರು ಭೂಕಂದಾಯದ ಬಾಕಿಯಂತೆ ವಸೂಲು ಮಾಡುತ್ತಿದ್ದರು. ವಜಾಗೊಂಡವನು ಸರ್ಕಾರದ ಶಿಫಾರಸಿಗೆ ಕಾಯದೆ ನೇರವಾಗಿ ಲೇಬರ್ ಕೋರ್ಟಿಗೆ ಹೋಗುವ ದಾರಿಯನ್ನು ಆಂಧ್ರಪ್ರದೇಶ 1987ರಲ್ಲೇ ತೆರೆಯಿತು. ಕೇಂದ್ರ ಅದನ್ನು ಮಾಡಿದ್ದು 2010ರಲ್ಲಿ.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರ ರಾಜ್ಯಕ್ಕೆ ಸೇರಿದವು. ಕನ್ನಡ ಮಾತಾಡುವ ಕೂಲಿಯವನ ಅರ್ಜಿಗೆ ಆಮೇಲೆ ಕಚೇರಿ ಬೇರೆ, ಭಾಷೆ ಬೇರೆ. ಅಂಗಡಿ ಗುಮಾಸ್ತರಿಗೆ ಮಾತ್ರ ಮದ್ರಾಸಿನ 1947ರ ಅಂಗಡಿ ಕಾಯ್ದೆಯೇ ಮುಂದುವರಿಯಿತು. ಅದರ ಜಾಗಕ್ಕೆ ಆಂಧ್ರದ್ದೇ ಕಾಯ್ದೆ 1966ರಲ್ಲಿ, ಮತ್ತೆ 1988ರಲ್ಲಿ ಬಂತು.

ಮಿಲ್ಲಿನ ಹಾಜರಿಪುಸ್ತಕದಲ್ಲಿ ಹೆಸರಿದ್ದವನಿಗೆ ಇಷ್ಟೆಲ್ಲ. ಮೇಸ್ತ್ರಿಯ ಕೈಕೆಳಗೆ ಹೋದವರ ಪಾಡು ಬೇರೆ. ಗುತ್ತಿಗೆದಾರ ಕೈಕೊಟ್ಟರೆ ಮೂಲ ಮಾಲೀಕನೇ ಕೂಲಿ ತೆರಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿದರೂ, ಕೆಲಸ ಮಾಡಿದ್ದಕ್ಕೆ ಚೀಟಿ ಎಲ್ಲಿದೆ ಎಂದರೆ ಉತ್ತರವಿರುತ್ತಿರಲಿಲ್ಲ. ಕೋಸಿಗಿ ಕಡೆಯಿಂದ ಗುಂಟೂರಿಗೆ ಮೆಣಸಿನಕಾಯಿ ಸುಗ್ಗಿಗೆ ಹೋಗುವ ಕುಟುಂಬಗಳು ವೇತನ ಪಾವತಿ ಕಾಯ್ದೆಯ ಹೊರಗೇ ಇದ್ದವು. ಹೊಲದ ಕೂಲಿಗೆ 1948ರ ಕನಿಷ್ಠ ವೇತನ ಕಾಯ್ದೆಯೊಂದೇ ಆಸರೆಯಾಗಿತ್ತು.

2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ವೇತನ ಪಾವತಿ, ಕನಿಷ್ಠ ವೇತನ ಈ ಎರಡೂ ಕಾಯ್ದೆಗಳ ಜಾಗ ಹಿಡಿಯಿತು. ಎರಡು ದಿನದ ನಿಯಮ ಈಗ ರಾಜೀನಾಮೆ ಕೊಟ್ಟವರಿಗೂ ಉಂಟು, ಅರ್ಜಿಗೆ ಮೂರು ವರ್ಷ ಅವಧಿ. ಸಂಬಳ ಕೊಟ್ಟೆನೆಂದು ಸಾಬೀತು ಮಾಡುವ ಹೊರೆಯನ್ನೂ ಸಂಹಿತೆ ಮಾಲೀಕನ ಮೇಲೆ ಹೊರಿಸಿದೆ.