ಲಂಡನ್ನಿಂದ ಸಿಡ್ನಿಗೆ: ನಿಲುಗಡೆಗಳು ಕಳಚಿದ ಬಗೆ

ಲಂಡನ್ನಿನಿಂದ ಸಿಡ್ನಿಗೆ ಅತಿ ಹತ್ತಿರದ ಆಕಾಶದಾರಿ ಸುಮಾರು 17,000 ಕಿ.ಮೀ. ಈ ದೂರವನ್ನು ದಾಟುವ ಹೊತ್ತು ಇಳಿದದ್ದು ವೇಗದಿಂದ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ನಡುವಿನ ನಿಲುಗಡೆಗಳು ಒಂದೊಂದಾಗಿ ಕಳಚಿದ್ದು ಅದರಷ್ಟೇ ದೊಡ್ಡ ಕಾರಣ.

1919ರಲ್ಲಿ ರಾಸ್ ಸ್ಮಿತ್, ಕೀತ್ ಸ್ಮಿತ್ ಸೋದರರು ವಿಕರ್ಸ್ ವಿಮಿ ವಿಮಾನದಲ್ಲಿ ಇಂಗ್ಲೆಂಡಿನಿಂದ ಡಾರ್ವಿನ್ ತಲುಪಲು 28 ದಿನ ಹಿಡಿಯಿತು. ಕರಾಚಿ, ದೆಹಲಿ, ಅಲಹಾಬಾದ್, ಕಲ್ಕತ್ತಗಳಲ್ಲಿ ಇಳಿಯುತ್ತ ಹೋದರು. 1935ರಲ್ಲಿ ಲಂಡನ್–ಬ್ರಿಸ್ಬೇನ್ ಪ್ರಯಾಣಿಕ ಸೇವೆ ಆರಂಭವಾದಾಗ ಪ್ರಯಾಣದ ಹೊತ್ತು ಹನ್ನೆರಡೂವರೆ ದಿನಕ್ಕೆ ಇಳಿಯಿತು. ಯುರೋಪಿನಲ್ಲಿ ಒಂದಷ್ಟು ದೂರ ರೈಲೇ ಗತಿ.

1942ರಲ್ಲಿ ಸಿಂಗಪುರ ಜಪಾನಿನ ವಶವಾಗಿ ದಾರಿ ತುಂಡಾಯಿತು. ಆಮೇಲೆ ನಡೆದದ್ದು ನನಗೆ ಈ ಇತಿಹಾಸದಲ್ಲೇ ಅತ್ಯಂತ ದಿಟ್ಟ ಅಧ್ಯಾಯ. 1943ರಿಂದ ಕ್ವಾಂಟಾಸ್ ಸಂಸ್ಥೆಯ ಕ್ಯಾಟಲಿನಾ ವಿಮಾನಗಳು ಪರ್ತ್‌ನಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ ಹಿಂದೂ ಮಹಾಸಾಗರದ ಮೇಲೆ ಎಲ್ಲೂ ನಿಲ್ಲದೆ ಹಾರಿದವು. ಶತ್ರುವಿಗೆ ಸುಳಿವು ಸಿಗದಿರಲೆಂದು ರೇಡಿಯೊ ಮೌನ; ದಿಕ್ಕಿಗೆ ನಕ್ಷತ್ರಗಳೇ ಆಧಾರ. 27ರಿಂದ 33 ಗಂಟೆಗಳ ಆ ಹಾರಾಟದಲ್ಲಿ ಸೂರ್ಯೋದಯ ಎರಡು ಬಾರಿ ಕಾಣುತ್ತಿತ್ತು. ಇಂಧನದ ಭಾರದಿಂದಾಗಿ ಹೆಚ್ಚೆಂದರೆ ಮೂವರು ಪ್ರಯಾಣಿಕರಿಗಷ್ಟೇ ಜಾಗ. ದೂರದ ಹಾರಾಟದ ಮೂಲ ಕಷ್ಟ ಇದೇ: ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಹೊರುವುದಕ್ಕೇ ಮೊದಲ ಗಂಟೆಗಳಲ್ಲಿ ಇಂಧನ ಸುಡಬೇಕು.

1947ರಲ್ಲಿ ಕಾನ್ಸ್‌ಟಲೇಷನ್ ವಿಮಾನ 29 ಪ್ರಯಾಣಿಕರೊಂದಿಗೆ ಸಿಡ್ನಿಯಿಂದ ಲಂಡನ್ನಿಗೆ ನಾಲ್ಕು ದಿನದಲ್ಲಿ ಬಂತು. 1959ರಲ್ಲಿ ಬೋಯಿಂಗ್ 707 ಜೆಟ್ ಬಂದು ವೇಗ ಗಂಟೆಗೆ 900 ಕಿ.ಮೀ. ಆಸುಪಾಸಿಗೆ ಏರಿತು. ಇಂದಿನ ವಿಮಾನಗಳೂ ಹೆಚ್ಚುಕಡಿಮೆ ಅದೇ ವೇಗದಲ್ಲಿವೆ. ಅಲ್ಲಿಂದಾಚೆಗೆ ಉಳಿತಾಯವಾದ ಹೊತ್ತೆಲ್ಲ ಮಿತವಾಗಿ ಇಂಧನ ಸುಡುವ ಎಂಜಿನ್‌ಗಳ, ಹಗುರ ಒಡಲುಗಳ ಕೊಡುಗೆ.

1989ರಲ್ಲಿ ಒಂದು ಬೋಯಿಂಗ್ 747-400 ವಿಮಾನ ಲಂಡನ್ನಿನಿಂದ ಸಿಡ್ನಿಗೆ 20 ಗಂಟೆ 9 ನಿಮಿಷದಲ್ಲಿ ನೇರ ಹಾರಿತು. ಟಿಕೆಟ್ ಕೊಂಡ ಪ್ರಯಾಣಿಕರು ಅದರಲ್ಲಿರಲಿಲ್ಲ. ಇಂಧನ ಉಳಿಸಲೆಂದು ವಿಮಾನವನ್ನು ರನ್‌ವೇ ತನಕ ಎಳೆದೊಯ್ದಿದ್ದರು. 2018ರಲ್ಲಿ ಪರ್ತ್–ಲಂಡನ್ ನೇರ ಸೇವೆ ಶುರುವಾಯಿತು: 14,498 ಕಿ.ಮೀ., ಸುಮಾರು 17 ಗಂಟೆ. 2019ರ ಪ್ರಯೋಗದಲ್ಲಿ 787-9 ವಿಮಾನ ಲಂಡನ್–ಸಿಡ್ನಿ ದಾರಿಯನ್ನು 19 ಗಂಟೆ 19 ನಿಮಿಷದಲ್ಲಿ ಕ್ರಮಿಸಿತು. ಆಗ ಎಂಜಿನ್ನಿನಷ್ಟೇ ಮನುಷ್ಯದೇಹವೂ ಪರೀಕ್ಷೆಗೆ ಒಳಗಾಗಿತ್ತು. ಪೈಲಟ್‌ಗಳ ನಿದ್ದೆ, ಎಚ್ಚರಗಳನ್ನು ಅಳೆದರು. ಈಗ ಇದೇ ಮಾರ್ಗಕ್ಕೆಂದು 20,000 ಲೀಟರಿನ ಹೆಚ್ಚುವರಿ ಟ್ಯಾಂಕ್ ಇರುವ ಎ350-1000 ವಿಮಾನಗಳಿಗೆ ಬೇಡಿಕೆ ಸಲ್ಲಿಕೆಯಾಗಿದೆ.

ಆದರೂ ನಕ್ಷೆಯಲ್ಲಿ ಅಳೆದ ದೂರದಿಂದ ಪ್ರಯಾಣದ ಹೊತ್ತನ್ನು ಲೆಕ್ಕ ಹಾಕಲಾಗದು. ರಷ್ಯಾದ ಆಕಾಶ ಮುಚ್ಚಿದ ಮೇಲೆ, 2022ರಿಂದ, ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಸುಮಾರು 9 ಗಂಟೆಯಿಂದ 13ಕ್ಕೆ ಹಿಗ್ಗಿತು. 2024ರ ಏಪ್ರಿಲ್‌ನಲ್ಲಿ ಪಶ್ಚಿಮ ಏಷ್ಯಾದ ಉದ್ವಿಗ್ನತೆಯಿಂದ ದಾರಿ ಸುತ್ತಾದಾಗ ಪರ್ತ್–ಲಂಡನ್ ವಿಮಾನ ಇಂಧನಕ್ಕಾಗಿ ಸಿಂಗಪುರದಲ್ಲಿ ಇಳಿಯಬೇಕಾಯಿತು. ಲಂಡನ್ನಿನಿಂದ ಪರ್ತ್‌ಗೆ ಮರಳುವ ವಿಮಾನ ಮಾತ್ರ, ಪಶ್ಚಿಮದ ಗಾಳಿ ಬೆನ್ನಿಗಿದ್ದುದರಿಂದ, ಎಂದಿನಂತೆ ಎಲ್ಲೂ ನಿಲ್ಲದೆ ಬಂತು.