ಕಾರಂತರ ಹೆಸರಿನ ಬಡಾವಣೆ

ಪುತ್ತೂರಿನ ಪರ್ಲಡ್ಕದಲ್ಲಿರುವ ಬಾಲವನವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಡಾ. ಶಿವರಾಮ ಕಾರಂತರು ಹಲವು ದಶಕ ಬಾಳಿ, ಬರೆದ ಸ್ಥಳವದು. ಅವರ ಹೆಸರನ್ನು ಹೊತ್ತ ಇನ್ನೊಂದು ಜಾಗ ಬೆಂಗಳೂರಿನ ಉತ್ತರ ಭಾಗದಲ್ಲಿದೆ. ಅದು 17 ಗ್ರಾಮಗಳ ನೆಲದ ಮೇಲೆ ರೂಪುಗೊಂಡ ವಸತಿ ಯೋಜನೆ, ಡಾ. ಕೆ. ಶಿವರಾಮ ಕಾರಂತ ಬಡಾವಣೆ. ಒಂದು ಯೋಜನೆಯನ್ನು ಕಾಲಕ್ಕೆ ಸರಿಯಾಗಿ ಪರಿಶೀಲಿಸದಿದ್ದರೆ ಏನಾಗುತ್ತದೆ ಎಂಬುದನ್ನು ಅದರ ಚರಿತ್ರೆ ತಿಳಿಸುತ್ತದೆ.

ಯೋಜಿತ ಬಡಾವಣೆ ನಮ್ಮ ನಾಡಿಗೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ತಗುಲಿದಾಗ, ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನರಿಗೆ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ಆಸರೆಯಾದವು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. 1976ರ ಕಾಯಿದೆಯ ಮೂಲಕ ಆ ಹೊಣೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಬಂತು.

ಈ ಕಾಯಿದೆಯ ಕ್ರಮವನ್ನು ನೀವು ತಿಳಿದಿರಬೇಕು. ಪ್ರಾಧಿಕಾರವು ಮೊದಲು ಯೋಜನೆಯ ಕರಡನ್ನು ಸಿದ್ಧಪಡಿಸುತ್ತದೆ. ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ, ಶೇಕಡಾ 10ಕ್ಕೆ ಕಡಿಮೆಯಿಲ್ಲದಷ್ಟನ್ನು ನಾಗರಿಕ ಸೌಲಭ್ಯಗಳಿಗೆ ಮೀಸಲಿಡಬೇಕು. ಆಮೇಲೆ ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. ಅದರ ಪ್ರತಿ ಮಹಾನಗರ ಪಾಲಿಕೆಗೂ ಹೋಗುತ್ತದೆ. ಪಾಲಿಕೆ 30 ದಿನಗಳೊಳಗೆ ತನ್ನ ಅಭಿಪ್ರಾಯ ಹೇಳಬಹುದು. ಭೂಮಾಲೀಕರಿಗೂ ನೋಟೀಸು ಕೊಟ್ಟು, ಆಕ್ಷೇಪಣೆ ಸಲ್ಲಿಸಲು 30 ದಿನ ಕೊಡಬೇಕು. ಇವೆಲ್ಲವನ್ನೂ ಪರಿಶೀಲಿಸಿದ ಮೇಲೆ ಸರ್ಕಾರದ ಮಂಜೂರಾತಿ, ಕೊನೆಗೆ ಅಂತಿಮ ಅಧಿಸೂಚನೆ. ಅಂದರೆ, ನಕ್ಷೆ ನೆಲಕ್ಕಿಳಿಯುವ ಮೊದಲೇ ಊರಿನ ಮಾತು ಕೇಳಬೇಕೆಂಬುದು ಕಾನೂನಿನ ಆಶಯ.

ಕಾರಂತ ಬಡಾವಣೆಯ ಪ್ರಾಥಮಿಕ ಅಧಿಸೂಚನೆ ಹೊರಬಿದ್ದದ್ದು 2008ರ ಡಿಸೆಂಬರ್ 30ರಂದು. ಸೋಮಶೆಟ್ಟಿಹಳ್ಳಿ, ಮೇಡಿ ಅಗ್ರಹಾರ, ರಾಮಗೊಂಡನಹಳ್ಳಿ ಮೊದಲಾದ ಗ್ರಾಮಗಳ 3,546 ಎಕರೆ 12 ಗುಂಟೆ ಜಮೀನು ಅದರಲ್ಲಿತ್ತು. ಆದರೆ ಅಂತಿಮ ಅಧಿಸೂಚನೆ ವರ್ಷಗಟ್ಟಲೆ ಹೊರಡಲೇ ಇಲ್ಲ. ಈ ನಡುವೆ ಕೆಲವು ಜಮೀನುಗಳನ್ನು ಕೈಬಿಡುವ ಪ್ರಯತ್ನಗಳಾದವು. ಅಧಿಸೂಚಿತ ನೆಲದಲ್ಲಿಯೇ ಮನೆಗಳು ಎದ್ದವು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2014ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಭೂಸ್ವಾಧೀನವನ್ನು ರದ್ದುಪಡಿಸಿತು; 2015ರಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಆ ತೀರ್ಪುಗಳನ್ನು ತಳ್ಳಿಹಾಕಿ, ಯೋಜನೆಯನ್ನು ಮುಂದುವರಿಸಲು ಆದೇಶಿಸಿತು. ಅದೇ ವರ್ಷ ಅಂತಿಮ ಅಧಿಸೂಚನೆ ಬಂತು. ಅಷ್ಟರಲ್ಲಿ ಎದ್ದಿದ್ದ ಕಟ್ಟಡಗಳಲ್ಲಿ ಯಾವುವು ಸಕ್ರಮವೆಂದು ಪರಿಶೀಲಿಸಲು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ನೇತೃತ್ವದ ಸಮಿತಿಯನ್ನು ನೇಮಿಸಬೇಕಾಯಿತು.

ಎರಡು ಅಧಿಸೂಚನೆಗಳ ನಡುವಿನ ಈ ಸುಮಾರು ಹತ್ತು ವರ್ಷಗಳ ಭಾರ ಯಾರ ಮೇಲೆ ಬಿತ್ತು? ಯೋಚಿಸಿ ನೋಡಿ. ಜಮೀನು ಉಳಿಯುತ್ತದೋ ಹೋಗುತ್ತದೋ ತಿಳಿಯದೆ ಬಿತ್ತನೆ ಮಾಡಿದ ರೈತ ಒಬ್ಬ. ಉಳಿತಾಯವನ್ನೆಲ್ಲ ಹಾಕಿ ಅದೇ ನೆಲದಲ್ಲಿ ಮನೆ ಕಟ್ಟಿಕೊಂಡವನು ಇನ್ನೊಬ್ಬ. ನ್ಯಾಯವಾದ ಬೆಲೆಗೆ ಪ್ರಾಧಿಕಾರದ ನಿವೇಶನ ಸಿಗಬಹುದೆಂದು ಕಾದವನು ಮತ್ತೊಬ್ಬ. ಮೂವರ ಬೇಡಿಕೆಯೂ ನೆಲವೇ. ಮೊದಲ ತಿಂಗಳುಗಳಲ್ಲಿಯೇ ಆಕ್ಷೇಪಣೆಗಳನ್ನು ಕೇಳಿ, ಉಳಿಸುವುದನ್ನು ಉಳಿಸಿ, ಬಿಡುವುದನ್ನು ಬಿಟ್ಟು ತೀರ್ಮಾನಿಸಿದ್ದರೆ ಮೂವರಿಗೂ ದಾರಿ ಕಾಣುತ್ತಿತ್ತು. ವಿಳಂಬವಾದ ವಿಚಾರಣೆ ಯಾರ ಪರವೂ ಅಲ್ಲ.

ಸ್ವಂತವಾಗಿ ಉಳಲು ಒಂದು ತುಂಡು ಭೂಮಿಗಾಗಿ ಹಂಬಲಿಸಿದ ಚೋಮನನ್ನು ನೀವು 'ಚೋಮನ ದುಡಿ'ಯಲ್ಲಿ ಕಂಡಿದ್ದೀರಿ. ಅವನನ್ನು ಸೃಷ್ಟಿಸಿದ ಲೇಖಕರ ಹೆಸರಿನ ಬಡಾವಣೆಯಲ್ಲಿ ನೆಲದ ಪ್ರಶ್ನೆಯೇ ಇಷ್ಟು ಜಟಿಲವಾದುದು ವಿಪರ್ಯಾಸವೇ ಸರಿ.

ಇದು ದೂರದ ಬೆಂಗಳೂರಿನ ಕತೆಯೆಂದು ಪುತ್ತೂರು, ಸುಳ್ಯ, ಕಡಬದ ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ಇಲ್ಲಿಯೂ ಪೇಟೆಗಳು ಬೆಳೆಯುತ್ತಿವೆ. ಗುಡ್ಡ ಕಡಿದು ನಿವೇಶನ ಮಾಡುವುದನ್ನು ನೀವು ಕಂಡಿದ್ದೀರಿ. ಬೆಂಗಳೂರಿನ ಹೊರಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಇದೆ. ಯೋಜನಾ ಪ್ರದೇಶದ ಮಹಾಯೋಜನೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂದು ಅದೂ ಹೇಳುತ್ತದೆ. ಇನ್ನು ಮುಂದೆ ಪಂಚಾಯತಿಯ ಅಥವಾ ನಗರಸಭೆಯ ಸೂಚನಾ ಫಲಕದಲ್ಲಿ ಇಂಥ ಪ್ರಕಟಣೆ ಕಂಡರೆ ನಿಂತು ಓದಿ. ಆಟಿಯ ಮಳೆನೀರು ಎತ್ತ ಹರಿಯುತ್ತದೆ? ಆಟದ ಮೈದಾನ ಎಲ್ಲಿದೆ? ಯಾರ ತೋಟ ಹೋಗುತ್ತದೆ? ಈ ಪ್ರಶ್ನೆಗಳನ್ನು ನಿಮ್ಮ ಹಿರಿಯರು ಆಕ್ಷೇಪಣೆಯ ಗಡುವು ಮುಗಿಯುವುದರೊಳಗೆ ಬರವಣಿಗೆಯಲ್ಲಿ ಕೇಳುವಂತೆ ಮಾಡಿ. ಗಡುವು ದಾಟಿದ ಮೇಲೆ ಅದೇ ಪ್ರಶ್ನೆಗೆ ಉತ್ತರ ಪಡೆಯಲು ವರ್ಷಗಳೇ ಬೇಕಾಗಬಹುದು.