ಹಕ್ಕಿ ಕಾಯುವುದು

ಬೀದರ್, ಭಾಲ್ಕಿ, ಔರಾದ ಸೀಮೆಯ ಹೊಲಗಳಲ್ಲಿ ಜೋಳದ ತೆನೆಗೆ ಹಾಲು ತುಂಬಿದಂದಿನಿಂದ ಕೊಯ್ಲಿನವರೆಗೆ ಹಕ್ಕಿಗಳನ್ನು ಎಬ್ಬಿಸಿ ಓಡಿಸುವ ಕೆಲಸ. ಗಿಳಿ, ಗುಬ್ಬಿ, ಚಳಿಗಾಲಕ್ಕೆ ವಲಸೆ ಬರುವ ಗುಲಾಬಿ ಕಬ್ಬಕ್ಕಿ ತೆನೆಯ ಮೇಲೇ ಕೂತು ತಿನ್ನುತ್ತವೆ. ಪಾರಿವಾಳ, ಬೆಳವಗಳ ದಾರಿ ಬೇರೆ: ನೆಲಕ್ಕಿಳಿದು ಬಿತ್ತಿದ ಬೀಜ, ಉದುರಿದ ಕಾಳು, ಕಣದ ರಾಶಿ ಹೆಕ್ಕುತ್ತವೆ. ಕೋಟೆಗೋಡೆಯ ಬಿರುಕು, ಹಳೆಯ ಬಾವಿಗಳ ಕಲ್ಲುಸಂದಿ ಪಾರಿವಾಳಗಳಿಗೆ ಗೂಡಿನ ತಾಣ.

ಕಾಯುವವರ ಹಳೆಯ ಸಲಕರಣೆ ಕವಣೆ. ಹಗ್ಗದ ನಡುವಿನ ಜೋಳಿಗೆಯಲ್ಲಿ ಕಲ್ಲನ್ನೋ ಹೆಂಟೆಯನ್ನೋ ಇಟ್ಟು, ತಲೆಯ ಮೇಲೆ ಗಿರ್ರನೆ ತಿರುಗಿಸಿ ಒಂದು ಎಳೆ ಬಿಟ್ಟರೆ ಕಲ್ಲು ಹಾರುತ್ತದೆ. ಗುರಿ ಹಕ್ಕಿಯಲ್ಲ, ಹಿಂಡು ಮೇಲೇಳಬೇಕು, ಅಷ್ಟೆ. ಹಕ್ಕಿಗಳು ಹೆಚ್ಚಾಗಿ ಮೇಯುವುದು ಬೆಳಗಾಗುತ್ತಲೇ, ಮತ್ತೆ ಇಳಿಹೊತ್ತಿಗೆ. ಆ ಎರಡು ಹೊತ್ತು ಕಾವಲಿನ ಅಟ್ಟಣಿಗೆ ಬಿಟ್ಟಿಳಿಯದವರ ಬೆಳೆ ಉಳಿಯುತ್ತದೆ. ಒಂದೇ ಬೆದರುಬೊಂಬೆಗೆ, ಒಂದೇ ಸದ್ದಿಗೆ ಹಕ್ಕಿಗಳು ಬೇಗ ಒಗ್ಗಿಕೊಳ್ಳುತ್ತವೆ. ಡಬ್ಬಿ ಬಡಿತ, ಮಿರುಗುವ ರಿಬ್ಬನ್, ಕೂಗು ಇವನ್ನು ಬದಲಿಸುತ್ತಿರಬೇಕು. ಗುಲಾಬಿ ಕಬ್ಬಕ್ಕಿ ಮಿಡತೆಗಳನ್ನೂ ತಿನ್ನುವುದರಿಂದ ಅದನ್ನು ಕೊಂದರೆ ರೈತನಿಗೇ ನಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೆಳವ, ಗಿಳಿಗಳ ಬೇಟೆ ಶಿಕ್ಷಾರ್ಹ ಅಪರಾಧ.